ಒಂಬತ್ತು ಗಂಟೆಯ ಲಾರಿಗಳು

ಪ್ರತಿ ವರ್ಷ ಸುಗ್ಗಿ ಶುರುವಾದರೆ ನನಗೊಂದು ಚಟ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಹತ್ತು ಗಂಟೆ ಆಗುವವರೆಗೆ ಜೀವಕ್ಕೆ ಸಮಾಧಾನ ಇರುವುದಿಲ್ಲ. ಚಹಾದ ಕಪ್ಪು ಕೈಯಲ್ಲಿರುವಾಗಲೇ ಲ್ಯಾಪ್‌ಟಾಪ್ ತೆಗೆದು ಒಂದು ಫೋಲ್ಡರ್ ನೋಡುತ್ತೇನೆ. ಏಳರ ಫೈಲ್ ಬಂದಿದೆಯಾ? ಎಂಟರದ್ದು? ಒಂಬತ್ತರದ್ದು? ಹತ್ತು ದಾಟಿತೆಂದರೆ ಮುಚ್ಚಿಡುತ್ತೇನೆ. ಆಮೇಲೆ ಇಡೀ ದಿನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. "ಹತ್ತು ಹೊಡದ ಮ್ಯಾಲೆ ನಿಮ್ಮ ಕಂಪ್ಯೂಟರ್ ತಪ್ಪು ಮಾಡಂಗಿಲ್ಲೇನು?" ಅಂತ ಮನೆಯಲ್ಲಿ ನಗುತ್ತಾರೆ. ಹಾಗೆ ನೋಡಿದರೆ ಆ ಮಾತು ನಿಜ. ನಾನು ಬರೆದ ಒಂದು ಸಾಲು ಹತ್ತರ ಮೇಲೆ ಯಾವತ್ತೂ ತಪ್ಪು ಮಾಡಿರಲಿಲ್ಲ.

ನಾನು ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಪ್ರಿಂಟರ್ ಕೆಟ್ಟರೂ ನಾನೇ, ಇಂಟರ್ನೆಟ್ ಹೋದರೂ ನಾನೇ, ಸಾವಕಾರರ ಮೊಮ್ಮಗನ ಗೇಮ್ ಓಡದಿದ್ದರೂ ನಾನೇ. ಇದರಲ್ಲಿ ಯಾರ ಕಣ್ಣಿಗೂ ಕಾಣದ ಒಂದು ಕೆಲಸವಿದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳಿಸುವುದು. ಯಾರೂ ಮುಟ್ಟಬಾರದು, ಹದಿನೈದು ನಿಮಿಷಕ್ಕೊಮ್ಮೆ ತಾನಾಗಿಯೇ ಹೋಗಬೇಕು. ಹೋಗುವ ಮುಂಚೆ ಫೈಲಿನ ಹೆಸರು ಬದಲಾಗಬೇಕು, ಯಾಕಂದ್ರೆ ಎಲ್ಲಾ ಫೈಲೂ ಒಂದೇ ಹೆಸರಲ್ಲಿ ಹೋದರೆ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ಎರಡೇ ಸಾಲಿನ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ತಾನಾಗಿ ಓದಿ ಮಾಡುವ ಆಜ್ಞೆಗಳ ಚೀಟಿ. ಆ ಎರಡು ಸಾಲಿನಿಂದ 2012ರ ಸುಗ್ಗಿಯಲ್ಲಿ ಒಬ್ಬ ಹಿರಿಯರ ಮೇಲೆ ಕಳ್ಳತನದ ಮಾತು ಬಂತು.

ಚೀಟಿ ಇದೆ, ಲಾರಿ ಇಲ್ಲ

ನಾನು ಹೇಳುತ್ತಿರುವ ಮಿಲ್ಲಿಗೆ ಆಗ ಮೂರು ಕಾಟಾ, ಅಂದರೆ ಲಾರಿಯನ್ನೇ ಏರಿಸಿ ತೂಗುವ ತಕ್ಕಡಿ, ಇದ್ದವು. ಒಂದು ಮಿಲ್ಲಿನ ಅಂಗಳದಲ್ಲೇ, ಇನ್ನೆರಡು ರಸ್ತೆ ಬದಿಯ ಗೋದಾಮುಗಳಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನೆಲ್ಲು ಒಮ್ಮೆ ಬರಲು ಶುರುವಾದರೆ ಬೆಳಗಿನ ಆರಕ್ಕೇ ಲಾರಿ, ಟ್ರ್ಯಾಕ್ಟರುಗಳ ಸಾಲು. ಕಾಟಾದ ಕಂಪ್ಯೂಟರ್ ಹದಿನೈದು ನಿಮಿಷಕ್ಕೊಮ್ಮೆ ಆ ಹೊತ್ತಿನ ತೂಕಗಳನ್ನೆಲ್ಲ ಒಂದು ಫೈಲಿಗೆ ಬರೆಯುತ್ತಿತ್ತು. ಪ್ರತಿ ಸಲವೂ ಅದೇ ಹೆಸರು. ನನ್ನ ಬ್ಯಾಚ್ ಫೈಲ್ (ಆ ಎರಡು ಸಾಲಿನ ಸ್ಕ್ರಿಪ್ಟೇ) ಅದನ್ನು ಎತ್ತಿಕೊಂಡು, ಕಾಟಾದ ನಂಬರು, ತಾರೀಖು, ಗಂಟೆ, ನಿಮಿಷ ಸೇರಿಸಿ ಹೊಸ ಹೆಸರಿಟ್ಟು, ಎಫ್‌ಟಿಪಿ ಅನ್ನುವ ಫೈಲ್ ಸಾಗಿಸುವ ಹಳೆಯ ವಿಧಾನದ ಮೂಲಕ ಊರೊಳಗಿನ ಆಫೀಸಿಗೆ ಕಳಿಸುತ್ತಿತ್ತು. ಬರೆದ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ನಾಲ್ಕು ಸಲ ಓಡಿಸಿ ನೋಡಿದೆ. ನಾಲ್ಕೂ ಸಲ ಸರಿಯಾಗಿ ಹೋಯಿತು. ಸಾವಕಾರರು "ಭಾರಿ ಮಾಡೀರಿ" ಅಂದರು. ನಾನೂ ಹಾಗೇ ಅಂದುಕೊಂಡೆ.

ಎಂಟು ಹತ್ತು ದಿನದ ಮೇಲೆ ಗುಮಾಸ್ತರು ಫೋನ್ ಮಾಡಿದರು. ದನಿಯಲ್ಲೇ ಏನೋ ಬೇರೆ ಇತ್ತು. ರೈತರು ದುಡ್ಡಿಗೆ ಅಂತ ಕಾಟಾ ಚೀಟಿ ತರುತ್ತಿದ್ದಾರೆ, ಆದರೆ ಆ ಚೀಟಿಯ ಗಾಡಿ ಕಂಪ್ಯೂಟರಿನಲ್ಲಿ ಇಲ್ಲ. ಒಂದಲ್ಲ, ಎರಡಲ್ಲ, ದಿನಕ್ಕೆ ಹತ್ತು ಹದಿನೈದು. ನೆಲ್ಲಿನ ಲೆಕ್ಕ ನಮ್ಮ ಕಡೆ 75 ಕೆಜಿ ಚೀಲದ್ದು. ಒಂದು ಲಾರಿ ಅಂದ್ರೆ ಎಷ್ಟು ಚೀಲ, ಎಷ್ಟು ದುಡ್ಡು ಅಂತ ನೀವೇ ಗುಣಿಸಿ ನೋಡಿ. ಗುಮಾಸ್ತರ ಲೆಕ್ಕ ಸರಳವಾಗಿತ್ತು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಹಾಗಾದರೆ ಚೀಟಿ ಸುಳ್ಳು. ಚೀಟಿ ಹರಿಯುವವರು ಯಾರು? ಕಾಟಾ ಮೇಲೆ ಕೂತ ಕಾಕಾ.

ಕಾಕಾ ಅಂತ ನಾನು ಕರೆಯುವುದು. ಅವರು ಆ ಕಾಟಾ ಹಾಕುವ ಮುಂಚಿನಿಂದ, ಅಂದರೆ ಸಣ್ಣ ತಕ್ಕಡಿಯಲ್ಲಿ ಚೀಲ ತೂಗುತ್ತಿದ್ದ ಕಾಲದಿಂದ ಆ ಮಿಲ್ಲಿನಲ್ಲಿದ್ದವರು. ನಾನು ಹೋದಾಗ ಕಾಟಾ ಕೋಣೆಯ ಹೊರಗಿನ ಕಲ್ಲಿನ ಮೇಲೆ ಕೂತಿದ್ದರು. ಒಳಗೆ ಬೇರೆ ಹುಡುಗನನ್ನು ಕೂರಿಸಿದ್ದರು. ನನ್ನ ನೋಡಿ ಏಳಲಿಲ್ಲ. "ತಮ್ಮಾ, ಅಷ್ಟು ಲಾರಿ ಏನ್ ನಾ ನುಂಗೀನೇನು?" ಅಂದರು. ಸಿಟ್ಟಿರಲಿಲ್ಲ. ಕೇಳಿದ್ದು ನನ್ನನ್ನೋ, ಎದುರಿಗೆ ಹೊಗೆ ಬಿಡುತ್ತಾ ನಿಂತಿದ್ದ ಲಾರಿಯನ್ನೋ ಅಂತ ಗೊತ್ತಾಗದ ಹಾಗೆ ಕೇಳಿದರು. ನಾನು "ನೋಡ್ತೀನ್ರೀ ಕಾಕಾ" ಅಂದು ಒಳಗೆ ಹೋದೆ. ಸತ್ಯ ಹೇಳಬೇಕೆಂದರೆ, ಆ ಹೊತ್ತಿಗೆ ನನಗೂ ಅವರ ಮೇಲೆ ಅರ್ಧ ಅನುಮಾನ ಇತ್ತು. ನನ್ನ ಸ್ಕ್ರಿಪ್ಟ್ ಮೇಲೆ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಚೀಟಿಗಳ ಕಾರ್ಬನ್ ಪ್ರತಿ ತರಿಸಿ ನೆಲದ ಮೇಲೆ ಹರಡಿಕೊಂಡು ಕೂತೆ. ಕಾಣೆಯಾದ ಗಾಡಿಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋದೆ. ಅರ್ಧ ಗಂಟೆಯಲ್ಲಿ ಚಿತ್ರ ಎದ್ದು ಕಂಡಿತು. 6.40, 7.15, 8.05, 9.10, 9.35. ಹತ್ತರ ಆಚೆ ಒಂದೂ ಇಲ್ಲ. ಕಳ್ಳ ಯಾರೇ ಆಗಲಿ, ಹತ್ತಕ್ಕೆ ಸರಿಯಾಗಿ ಡ್ಯೂಟಿ ಮುಗಿಸುತ್ತಿದ್ದ.

ಕಳ್ಳ ಒಂದು ಖಾಲಿ ಜಾಗ. ವಿಂಡೋಸ್‌ನ ಬ್ಯಾಚ್ ಫೈಲಿನಲ್ಲಿ ಈಗ ಎಷ್ಟು ಗಂಟೆ ಅಂತ ಕೇಳಿದರೆ ಅದು 10 ಅನ್ನುತ್ತದೆ, 15 ಅನ್ನುತ್ತದೆ. ಗಂಟೆ ಒಂಬತ್ತಾಗಿದ್ದರೆ 09 ಅನ್ನುವುದಿಲ್ಲ. ಮುಂದೊಂದು ಜಾಗ ಖಾಲಿ ಬಿಟ್ಟು 9 ಅನ್ನುತ್ತದೆ. ಅದನ್ನು ಹಾಗೇ ಹೆಸರಿಗೆ ಸೇರಿಸಿದರೆ ಹೆಸರು ನಡುವೆ ಮುರಿದು ಎರಡು ತುಂಡಾಗುತ್ತದೆ. ಹೆಸರು ಬದಲಿಸುವ ರೀನೇಮ್ ಕಮಾಂಡ್ ಎರಡು ಹೆಸರು ಬೇಡುತ್ತದೆ, ಹಳೆಯದು ಮತ್ತು ಹೊಸದು. ಮೂರು ಕೊಟ್ಟರೆ ಬರೆದದ್ದು ಸರಿಯಿಲ್ಲ ಅಂತ ಒಂದು ಸಾಲು ಗೊಣಗಿ ಸುಮ್ಮನಾಗುತ್ತದೆ. ಆ ಗೊಣಗಾಟ ಕೇಳಲು ಅಲ್ಲಿ ಯಾರಿದ್ದರು? ಕಿಟಕಿಯನ್ನು ನಾನೇ ಮಿನಿಮೈಸ್ ಮಾಡಿಟ್ಟಿದ್ದೆ. ಹೆಸರು ಬದಲಾಗದ ಫೈಲ್ ಅಲ್ಲೇ ಉಳಿಯುತ್ತಿತ್ತು. ಹದಿನೈದು ನಿಮಿಷಕ್ಕೆ ಕಾಟಾದ ಕಂಪ್ಯೂಟರ್ ಅದರ ಮೇಲೇ ಹೊಸ ತೂಕ ಬರೆಯುತ್ತಿತ್ತು. ಹೀಗೆ ಬೆಳಗಿನ ಲಾರಿಗಳನ್ನು ಅವುಗಳ ಹಿಂದಿನ ಲಾರಿಗಳೇ ನುಂಗುತ್ತಾ ಬಂದವು.

ಸರಿಪಡಿಸಲು ಎಷ್ಟು ಹೊತ್ತು ಬೇಕಾಯಿತು? ಎರಡು ನಿಮಿಷ. ಖಾಲಿ ಜಾಗ ಸಿಕ್ಕರೆ ಅಲ್ಲಿ ಸೊನ್ನೆ ತುಂಬು ಅಂತ ಒಂದು ಸಾಲು. ನಾನು ಆ ಸ್ಕ್ರಿಪ್ಟನ್ನು ಬೆಳಿಗ್ಗೆ ಒಂಬತ್ತಕ್ಕೆ ಒಂದೇ ಒಂದು ಸಲ ಓಡಿಸಿ ನೋಡಿದ್ದರೆ ಸಾಕಿತ್ತು. ಊಟ ಆದ ಮೇಲೆ ಪರೀಕ್ಷೆ ಮಾಡುವವರನ್ನು ನಾನು ಆವತ್ತಿನಿಂದ ನಂಬುವುದಿಲ್ಲ, ನನ್ನನ್ನೂ ಸೇರಿಸಿ.

ಕಾಕಾನನ್ನು ಮತ್ತೆ ಒಳಗೆ ಕೂರಿಸಿದರು. ಯಾರೂ ಏನೂ ಹೇಳಲಿಲ್ಲ. ನಮ್ಮ ಕಡೆ ಹಾಗೇ, ತಪ್ಪು ಹೊರಿಸುವಾಗ ನಾಲ್ಕು ಮಂದಿ ಇರುತ್ತಾರೆ, ಇಳಿಸುವಾಗ ಒಬ್ಬರೂ ಇರುವುದಿಲ್ಲ. ನಾನು ಹೋಗಿ "ತಪ್ಪು ನಂದ್ರೀ ಕಾಕಾ" ಅಂದೆ. "ಖಾಲಿ ಜಾಗ ಅಂದ್ರೇನಪ್ಪ?" ಅಂತ ಕೇಳಿದರು. ವಿವರಿಸಿದೆ. ತುಂಬಾ ಹೊತ್ತು ಸುಮ್ಮನಿದ್ದು, ಚೀಟಿ ಪುಸ್ತಕ ನನ್ನ ಮುಂದೆ ಹಿಡಿದರು. "ನಿನ್ನ ಫೈಲಿಗೆ ಇದು ಯಾಕಿಲ್ಲ?" ಅವರು ಬೆರಳಿಟ್ಟಿದ್ದು ಚೀಟಿಯ ಮೂಲೆಯ ಕೆಂಪು ನಂಬರಿನ ಮೇಲೆ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಚೀಟಿಯಲ್ಲಿ 117 ಆದ ಮೇಲೆ 119 ಬಂದರೆ ಕುರುಡನಿಗೂ ಗೊತ್ತಾಗುತ್ತದೆ, ನಡುವೆ ಒಂದು ಹಾರಿದೆ ಅಂತ. ನನ್ನ ಫೈಲಿನ ಹೆಸರಲ್ಲಿ ಇದ್ದದ್ದು ಬರೀ ಹೊತ್ತು. ಒಂಬತ್ತೂಕಾಲಿನ ಫೈಲ್ ಬರಲಿಲ್ಲ ಅಂದ್ರೆ ಆಗ ಗಾಡಿಯೇ ಬಂದಿಲ್ಲ ಅಂತಲೂ ಆಗಬಹುದು. ಹೊತ್ತು ಕಳೆದುಹೋದದ್ದನ್ನು ಮುಚ್ಚಿಡುತ್ತದೆ, ನಂಬರು ಎತ್ತಿ ತೋರಿಸುತ್ತದೆ. ಆವತ್ತೇ ಹೆಸರಿಗೆ ಸರಣಿ ನಂಬರು ಸೇರಿಸಿದೆ. ಗಾಡಿ ಇಲ್ಲದಿದ್ದರೂ ಖಾಲಿ ಫೈಲ್ ಒಂದು ನಂಬರು ಹೊತ್ತು ಹೋಗಬೇಕು. ಆಫೀಸಿನ ಕಡೆ ನಂಬರು ಹಾರಿದರೆ ಕೆಂಪಗೆ ತೋರಿಸಬೇಕು.

ತಾರೀಖನ್ನೂ ಆಗಲೇ ತಿರುಗಿಸಿದೆ. ನಾವು ದಿನ, ತಿಂಗಳು, ವರ್ಷ ಅಂತ ಬರೆಯುವವರು. ಹಾಗೆ ಹೆಸರಿಟ್ಟರೆ ಕಂಪ್ಯೂಟರ್ ಜೋಡಿಸುವಾಗ 01122012 ಮೊದಲು, 05112012 ಆಮೇಲೆ. ಅಂದರೆ ಡಿಸೆಂಬರ್ ಒಂದು ಬಂದು ನವೆಂಬರ್ ಐದರ ಮುಂದೆ ಕೂರುತ್ತದೆ. ವರ್ಷ ಮೊದಲಿಟ್ಟು 20121105 ಅಂತ ಬರೆದರೆ ತಾನಾಗಿಯೇ ಸಾಲು ಸರಿಯಾಗುತ್ತದೆ. ಐಎಸ್‌ಒ 8601 ಅನ್ನುವ ಅಂತಾರಾಷ್ಟ್ರೀಯ ನಿಯಮ ಇದನ್ನು 1988ರಲ್ಲೇ ಹೇಳಿತ್ತು. ನನಗೆ ತಲುಪಲು 24 ವರ್ಷ ಹಿಡಿಯಿತು.

ಹಿಂದಿನ ಗಾಲಿ

ಕಾಕಾನ ಹತ್ತಿರ ಕೂರುವ ಅಭ್ಯಾಸ ಆಮೇಲೆ ಬೆಳೆಯಿತು. ಸುಮ್ನೆ ಹೋಗಿ ಕೂತು ಅವರು ತೂಗುವುದನ್ನು ನೋಡುವುದು. ಅದೇ ಸುಗ್ಗಿಯಲ್ಲಿ ಇನ್ನೊಂದು ತೊಂದರೆ ನನ್ನನ್ನು ಕಾಡುತ್ತಿತ್ತು. ಫೈಲ್ ಬರುತ್ತಿತ್ತು, ಹೆಸರೂ ಸರಿ, ನಂಬರೂ ಸರಿ. ಆದರೆ ಕೆಲವು ಸಲ ಒಳಗೆ ಅರ್ಧ ಲೆಕ್ಕ ಮಾತ್ರ. ಕಾಟಾ ಕಡೆ ತೆಗೆದು ನೋಡಿದರೆ ಪೂರ್ತಿ ಇರುತ್ತಿತ್ತು. ಆಫೀಸಿನ ಫೋಲ್ಡರಿನಲ್ಲಿ ಆಮೇಲೆ ನೋಡಿದರೂ ಪೂರ್ತಿ ಇರುತ್ತಿತ್ತು. ಲೆಕ್ಕದ ಪುಸ್ತಕಕ್ಕೆ ಮಾತ್ರ ಅರ್ಧ ಏರಿರುತ್ತಿತ್ತು. ಮೂರು ದಿನ ತಲೆ ಕೆಡಿಸಿಕೊಂಡೆ.

ಒಂದು ಸಂಜೆ ಹೊಸ ಹುಡುಗನೊಬ್ಬ ಅವಸರದಲ್ಲಿ ಗುಂಡಿ ಒತ್ತಲು ಹೋದ. ಕಾಕಾ ಅವನ ಕೈ ಹಿಡಿದರು. "ತಡಿಯೋ, ಹಿಂದಿನ ಗಾಲಿ ಇನ್ನೂ ನೆಲದ ಮ್ಯಾಲೈತಿ." ಲಾರಿ ಪೂರ್ತಿ ಏರಬೇಕು. ಅಲುಗಾಡುವುದು ನಿಲ್ಲಬೇಕು. ಡ್ರೈವರ್ ಇಳಿಯಬೇಕು. ಕಾಕಾ ಕಿಟಕಿಯಿಂದ ಹೊರಗೆ ಬಗ್ಗಿ ಮುಂದೆ ಹಿಂದೆ ನೋಡಿ "ಆತು" ಅನ್ನಬೇಕು. ಆಗ ಮಾತ್ರ ಗುಂಡಿ. ಅದಕ್ಕೂ ಮುಂಚೆ ಪರದೆಯ ಮೇಲೆ ಅಂಕಿ ಓಡುತ್ತಲೇ ಇರುತ್ತದೆ, ನೋಡಲು ಥೇಟ್ ತೂಕದ ಹಾಗೇ ಇರುತ್ತದೆ, ಆದರೆ ಅದು ತೂಕ ಅಲ್ಲ.

ನನ್ನ ಫೈಲೂ ಹಿಂದಿನ ಗಾಲಿ ಇನ್ನೂ ನೆಲದ ಮೇಲಿರುವಾಗಲೇ ತೂಗಿಸಿಕೊಳ್ಳುತ್ತಿತ್ತು. ಎಫ್‌ಟಿಪಿಯಲ್ಲಿ ಕಳಿಸಲು ಶುರು ಮಾಡಿದ ಕ್ಷಣಕ್ಕೇ ಆ ಕಡೆ ಫೈಲ್ ಹುಟ್ಟುತ್ತದೆ, ಅದೇ ಕೊನೆಯ ಹೆಸರಿನಲ್ಲಿ. ಒಳಗಿನ ಸಾಲುಗಳು ಒಂದೊಂದಾಗಿ ಬರುತ್ತಿರುತ್ತವೆ. ಮಿಲ್ಲಿನ ಇಂಟರ್ನೆಟ್ ಲೈನು ಎತ್ತಿನ ಗಾಡಿಯ ವೇಗದ್ದು. ಆಫೀಸಿನ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಬಂದು ಫೋಲ್ಡರ್ ಇಣುಕಿ, ಹೆಸರು ಕಂಡರೆ ಫೈಲ್ ಬಂತು ಅಂತ ಓದಿಕೊಂಡು ಹೋಗಿಬಿಡುತ್ತಿತ್ತು. ಅದರ ತಪ್ಪೇನು? ಹೆಸರು ಕಂಡಿತು, ನಂಬಿತು.

ಇದಕ್ಕೆ ಮದ್ದು ಹಳೆಯದೇ. ಕಳಿಸುವಾಗ ಬಾಲ ಅಂಟಿಸಿದ ಒಂದು ಹುಸಿ ಹೆಸರಲ್ಲಿ ಕಳಿಸು, ಆಫೀಸಿನ ಪ್ರೋಗ್ರಾಂ ಅಂಥ ಬಾಲದ ಹೆಸರನ್ನು ಕಣ್ಣೆತ್ತಿಯೂ ನೋಡಬಾರದು. ಪೂರ್ತಿ ಮುಟ್ಟಿದ ಮೇಲೆ ಆ ಕಡೆಯ ಕಂಪ್ಯೂಟರಿನಲ್ಲೇ ಹೆಸರು ಬದಲಿಸು. 1985ರ ಎಫ್‌ಟಿಪಿ ನಿಯಮಾವಳಿಯಲ್ಲಿ ಇದಕ್ಕೆ ಅಂತಲೇ ಜೋಡಿ ಕಮಾಂಡ್ ಇದೆ. ಒಂದು "ಈ ಹೆಸರಿನಿಂದ" ಅನ್ನುತ್ತದೆ, ಇನ್ನೊಂದು "ಈ ಹೆಸರಿಗೆ" ಅನ್ನುತ್ತದೆ. ಹೆಸರು ಬದಲಿಸಲು ಹೊತ್ತು ಹಿಡಿಯುವುದಿಲ್ಲ, ಯಾಕಂದ್ರೆ ಒಳಗಿನ ಸರಕು ಅಲುಗುವುದಿಲ್ಲ, ಹೊರಗಿನ ಚೀಟಿ ಮಾತ್ರ ಬದಲಾಗುತ್ತದೆ. ಅರ್ಧ ಬದಲಾದ ಹೆಸರು ಅಂತ ಒಂದು ಇರುವುದೇ ಇಲ್ಲ. ಆರ್‌ಸಿಂಕ್ ಅನ್ನುವ ಫೈಲ್ ನಕಲಿಸುವ ಪ್ರೋಗ್ರಾಂ ಬಳಸುವವರಿಗೆ ಇದು ಗೊತ್ತಿಲ್ಲದೆಯೇ ಸಿಗುತ್ತಿದೆ. ಅದು ಮೊದಲು ಚುಕ್ಕಿಯಿಂದ ಶುರುವಾಗುವ ಗುಪ್ತ ಹೆಸರಲ್ಲಿ ಇಳಿಸಿ, ಮುಗಿದ ಮೇಲೆ ನಿಜವಾದ ಹೆಸರು ಕೊಡುತ್ತದೆ. ವಿನ್‌ಎಸ್‌ಸಿಪಿಯೂ ಅಂಥದ್ದೇ ಪ್ರೋಗ್ರಾಂ, ಅದೂ ದೊಡ್ಡ ಫೈಲುಗಳಿಗೆ ಹೀಗೇ ಒಂದು ಬಾಲ ಅಂಟಿಸಿ, ಕೊನೆಗೆ ಕತ್ತರಿಸುತ್ತದೆ.

(ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ತೊಟ್ಟಿಲಿಗೆ ಹಾಕುವವರೆಗೆ ಅದು ಬರೀ ಕೂಸು. ಆಮೇಲೆ ಸೋದರತ್ತೆ ಬಂದು ಕಿವಿಯಲ್ಲಿ ಕುರ್‍ರ್ ಅಂತ ಹೆಸರು ಹೇಳಬೇಕು, ಉಳಿದವರು ಅವಳ ಬೆನ್ನಿಗೆ ಗುದ್ದಬೇಕು. ನನ್ನ ಸ್ಕ್ರಿಪ್ಟಿನಲ್ಲಿ ಗುದ್ದು ಮಾತ್ರ ನನಗೆ ಬೀಳುತ್ತದೆ.)

ಇದರಲ್ಲೂ ಒಂದು ಹೊಂಡ ಇದೆ, ಅದಕ್ಕೂ ಬಿದ್ದಿದ್ದೇನೆ. ಮುಂದೆ ಆಫೀಸಿನ ಕಂಪ್ಯೂಟರನ್ನು ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ಗೆ ಬದಲಿಸಿದಾಗ, ಹುಸಿ ಹೆಸರಿನ ಫೈಲುಗಳು ಒಂದು ಡಿಸ್ಕಿನಲ್ಲಿ, ನಿಜವಾದ ಫೋಲ್ಡರ್ ಇನ್ನೊಂದು ಡಿಸ್ಕಿನಲ್ಲಿ ಅಂತ ಅಚ್ಚುಕಟ್ಟಾಗಿ ಜೋಡಿಸಿದೆ. ಮತ್ತೆ ಅರ್ಧ ಲೆಕ್ಕ! ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಆದರೆ ಅದು ಹೆಸರು ಬದಲಿಸುವುದಲ್ಲ, ಪೂರ್ತಿ ನಕಲು ಮಾಡಿ ಹಳೆಯದನ್ನು ಅಳಿಸುವುದು. ಕಮಾಂಡ್ ಅದೇ, ಕೆಲಸ ಬೇರೆ. ಎರಡೂ ಫೋಲ್ಡರ್ ಒಂದೇ ಡಿಸ್ಕಿನಲ್ಲಿ ಇರಬೇಕು. ಇನ್ನೊಂದು, ಹೊಸ ಹೆಸರಿನ ಫೈಲ್ ಆಗಲೇ ಇದ್ದರೆ ವಿಂಡೋಸ್‌ನ ರೀನೇಮ್ ಆಗುವುದಿಲ್ಲ ಅಂತ ಜಗಳ ತೆಗೆಯುತ್ತದೆ. ಲಿನಕ್ಸ್ ತುಟಿ ಪಿಟಕ್ಕೆನ್ನದೆ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ. ಮುಂಚೆ ಜಗಳಗಂಟರು ಕಷ್ಟ ಅಂದುಕೊಂಡಿದ್ದೆ. ಈಗ ಮಾತಾಡದೆ ಕೆಲಸ ಮಾಡುವವರನ್ನು ಕಂಡರೆ ಭಯ ಜಾಸ್ತಿ.

ಊರಿನ ಹೆಸರು

2014ರ ನವೆಂಬರ್ 1ಕ್ಕೆ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಅದರಲ್ಲಿ ಬಳ್ಳಾರಿಯೂ ಇತ್ತು, ಹೊಸಪೇಟೆಯೂ ಇತ್ತು. ನಮಗೇನೂ ಬದಲಾಗಲಿಲ್ಲ, ನಮ್ಮ ಬಾಯಲ್ಲಿ ಅದು ಯಾವತ್ತೂ ಬಳ್ಳಾರಿಯೇ. ಆದರೆ ಮಿಲ್ಲಿನ ಬಳ್ಳಾರಿ ಗೋದಾಮಿನ ಫೋಲ್ಡರ್ ಹಳೆಯ ಇಂಗ್ಲಿಷ್ ಸ್ಪೆಲಿಂಗಿನಲ್ಲಿತ್ತು. ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ, ಪಾಪ, ಒಳ್ಳೆಯ ಕನ್ನಡ ಅಭಿಮಾನಿ. ರಾಜ್ಯೋತ್ಸವದ ಮರುದಿನವೇ ಫೋಲ್ಡರಿನ ಹೆಸರು ತಿದ್ದಿದಳು. ನನ್ನ ಸ್ಕ್ರಿಪ್ಟ್ ಹಳೆಯ ಹೆಸರಿನ ಬಾಗಿಲು ತಟ್ಟಿತು, ಅದು ಇರಲಿಲ್ಲ. ಮನುಷ್ಯನಾದರೆ ಅಲ್ಲೇ ನಿಂತು ಯಾರನ್ನಾದರೂ ಕೇಳುತ್ತಿದ್ದ. ಎಫ್‌ಟಿಪಿ ಸ್ಕ್ರಿಪ್ಟಿಗೆ ಆ ಬುದ್ಧಿ ಇಲ್ಲ. ಒಂದು ಸಾಲು ಸೋತರೂ ಮುಂದಿನ ಸಾಲಿಗೆ ಹೋಗುತ್ತದೆ. ಫೋಲ್ಡರ್ ಸಿಗಲಿಲ್ಲವಾ, ಸರಿ, ನಿಂತಲ್ಲೇ ಇಳಿಸುತ್ತೇನೆ ಅಂತ ಬಳ್ಳಾರಿಯ ಸ್ಟಾಕ್ ಫೈಲನ್ನು ಹೊರಗಿನ ಫೋಲ್ಡರಿನಲ್ಲಿ ಇಳಿಸಿತು. ಅಲ್ಲಿ ಅದೇ ಹೆಸರಿನ ಮಿಲ್ಲಿನ ಸ್ಟಾಕ್ ಫೈಲ್ ಇತ್ತು, ಅದು ಅಳಿಸಿಹೋಯಿತು. ಮೂರು ದಿನ ಬಳ್ಳಾರಿಯ ಅಕ್ಕಿಯನ್ನು ಗಂಗಾವತಿಯ ಅಕ್ಕಿ ಅಂತ ತಿಳಿದು ಮಾರಾಟದ ಲೆಕ್ಕ ಹಾಕಿದರು.

ಹುಡುಗಿಯನ್ನು ಬೈಯುವ ಮನಸ್ಸಾಗಲಿಲ್ಲ. ಊರಿನ ಹೆಸರನ್ನು ಸ್ಕ್ರಿಪ್ಟಿನ ಆಧಾರ ಮಾಡಿಕೊಂಡದ್ದು ನಾನು. ರೈಲ್ವೆಯವರನ್ನು ನೋಡಿ, ಬೋರ್ಡಿನ ಮೇಲಿನ ಹೆಸರು ಬದಲಿಸಿದರೂ ಸ್ಟೇಷನ್ ಕೋಡ್ ಮುಟ್ಟಲಿಲ್ಲ. ಟಿಕೆಟಿನಲ್ಲಿ ಬಳ್ಳಾರಿ ಈಗಲೂ ಬಿ ಎ ವೈ, ಹೊಸಪೇಟೆ ಎಚ್ ಪಿ ಟಿ. ನಾನೂ ಕೋಡ್ ಹುಡುಕಿದೆ. ಲಾರಿಯವರ ನಡುವೆ ಇರುವವನಿಗೆ ಅದು ಎದುರಿಗೇ ನಿಂತಿತ್ತು. ನಂಬರ್ ಪ್ಲೇಟು! ಬಳ್ಳಾರಿ 34, ಹೊಸಪೇಟೆ 35, ರಾಯಚೂರು 36, ಕೊಪ್ಪಳ 37. ಹಮಾಲರಿಂದ ಹಿಡಿದು ಸಾವಕಾರರವರೆಗೆ ಯಾರಿಗೂ ಹೇಳಿಕೊಡಬೇಕಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆಗಿ ಹೊಸಪೇಟೆ ಅದರ ಕೇಂದ್ರವಾಯಿತು. ನನ್ನ ಫೋಲ್ಡರಿನಲ್ಲಿ ಅದು 35 ಆಗಿಯೇ ಹಾಯಾಗಿ ಉಳಿಯಿತು.

ಇಷ್ಟಾದ ಮೇಲೂ ಊರಿನ ಹೆಸರು ನನ್ನನ್ನು ಬಿಡಲಿಲ್ಲ. ಸಾವಕಾರರ ಮೊಮ್ಮಗಳು ಬೆಂಗಳೂರಿನಲ್ಲಿ ಓದು ಮುಗಿಸಿ ಬಂದವಳು ಹಳೆಯದೊಂದು ಮ್ಯಾಕ್ ಕಂಪ್ಯೂಟರ್ ಕೂಡ ತಂದಳು. "ಅಂಕಲ್, ರಿಪೋರ್ಟ್ ಫೋಲ್ಡರ್ ಹೆಸರು ಕನ್ನಡದಲ್ಲೇ ಇಡೋಣ" ಅಂದಳು. ಯಾಕೆ ಬೇಡ? ಅವಳು ಮ್ಯಾಕ್‌ನಲ್ಲಿ ಮೂರು ಫೋಲ್ಡರ್ ಮಾಡಿದಳು, ಬಳ್ಳಾರಿ, ರಾಯಚೂರು, ಕೊಪ್ಪಳ. ಅವು ಆರ್‌ಸಿಂಕ್‌ನಲ್ಲಿ ಲಿನಕ್ಸ್‌ಗೆ ಬಂದವು. ನನ್ನ ಸ್ಕ್ರಿಪ್ಟಿನಲ್ಲಿ ನಾನೂ ಮೂರು ಹೆಸರು ಕನ್ನಡದಲ್ಲೇ ಬರೆದೆ. ಬಳ್ಳಾರಿ ಸಿಕ್ಕಿತು, ರಾಯಚೂರು ಸಿಕ್ಕಿತು. ಕೊಪ್ಪಳ ಮಾತ್ರ ಇಲ್ಲ ಅಂತ ಹಟ ಹಿಡಿಯಿತು. ಕಣ್ಣೆದುರಿಗೆ ಇದೆ, ಹೆಸರು ಅದೇ ಇದೆ, ನಮ್ಮದೇ ಜಿಲ್ಲೆ!

ತಪ್ಪು ಇದ್ದದ್ದು 'ಕೊ' ಅಕ್ಷರದಲ್ಲಿ. ಯೂನಿಕೋಡ್‌ನಲ್ಲಿ (ಅಕ್ಷರ, ಚಿಹ್ನೆಗಳಿಗೆ ಕಂಪ್ಯೂಟರಿನಲ್ಲಿ ನಂಬರು ಕೊಡುವ ಪದ್ಧತಿ) ಒತ್ವವನ್ನು ಎರಡು ಥರ ಬರೆಯಬಹುದು. ಒಂದೇ ಇಡಿಯ ಚಿಹ್ನೆಯಾಗಿ, ಇಲ್ಲವೇ ಎತ್ವ ಹಾಕಿ ಅದರ ಮೇಲೆ ಕೊಂಬಿನ ದೀರ್ಘ ಸೇರಿಸಿ. ಶಾಲೆಯಲ್ಲಿ ಬಳಪ ಹಿಡಿದು ನಾವು ಬರೆದದ್ದೂ ಹೀಗೇ ಅಲ್ವಾ, ಮೊದಲು ಎತ್ವ, ಆಮೇಲೆ ಬಾಲ? ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ನನ್ನ ಕೀಬೋರ್ಡ್ ಇಡಿಯಾಗಿ ಬರೆಯುತ್ತಿತ್ತು. ನನ್ನ ಕೊಪ್ಪಳ 18 ಬೈಟ್, ಅವಳ ಕೊಪ್ಪಳ 21 ಬೈಟ್. ಕಣ್ಣಿಗೆ ಎರಡೂ ಮೂರೇ ಅಕ್ಷರ. ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಬಿಡಿಸುವಂಥದ್ದು ಏನೂ ಇಲ್ಲ, ಅದಕ್ಕೇ ಅವು ಪಾರಾದವು. ಹೊಸಪೇಟೆ ಇದ್ದಿದ್ದರೆ ಎರಡು ಕಡೆ ಮುರಿಯುತ್ತಿತ್ತು. ದೇವದುರ್ಗ ಒಂದು ಕಡೆ. ಇದನ್ನು ಕಂಡುಹಿಡಿದ ರಾತ್ರಿ ಎಷ್ಟು ಖುಷಿಯಾಯಿತೆಂದರೆ, ಕಾಗದ ಹಿಡಿದು ಸುತ್ತಲಿನ ತಾಲೂಕುಗಳ ಹೆಸರನ್ನೆಲ್ಲ ಬರೆದು ಯಾವುದು ಮುರಿಯುತ್ತದೆ, ಯಾವುದು ಇಲ್ಲ ಅಂತ ಪಟ್ಟಿ ಮಾಡಿದೆ. ಕುಷ್ಟಗಿ, ಸಿಂಧನೂರು, ಮಾನ್ವಿ, ಲಿಂಗಸುಗೂರು ಗಟ್ಟಿ. ಯಾರಿಗೆ ತೋರಿಸಲಿ? ಮನೆಯಲ್ಲಿ ತೋರಿಸಿದೆ. "ಮಲಗ್ರಿ" ಅಂದರು.

ಹೆಸರು ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವ ಸಾಲು ಸೇರಿಸಿದ್ದೇನೆ. ಕನ್ನಡ ಹೆಸರು ಇಡಬೇಡಿ ಅಂತ ನಾನು ಹೇಳುವವನಲ್ಲ. ಮೊಮ್ಮಗಳ ಫೋಲ್ಡರುಗಳು ಈಗಲೂ ಕನ್ನಡದಲ್ಲೇ ಇವೆ. ಜನ ನೋಡುವ ಹೆಸರು ಕನ್ನಡದಲ್ಲಿ, ಸ್ಕ್ರಿಪ್ಟ್ ಓದುವ ಹೆಸರು ನಂಬರಿನಲ್ಲಿ. ಜಗಳ ಮುಗಿಯಿತು.

ಈಗ ಕಾಟಾ ಕೋಣೆಗೆ ಹೊಸ ಕಂಪ್ಯೂಟರ್ ಬಂದಿದೆ, ಒಳ್ಳೆಯ ಲೈನು ಬಂದಿದೆ, ಬ್ಯಾಚ್ ಫೈಲ್ ಹೋಗಿ ಪೈಥಾನ್ ಭಾಷೆಯ ಸ್ಕ್ರಿಪ್ಟ್ ಬಂದಿದೆ. ಸೊನ್ನೆ, ಖಾಲಿ ಜಾಗದ ಗೋಳು ಇಲ್ಲ. ಪ್ರತಿ ಫೈಲಿನ ಹೆಸರು ಸರಿಯಾಗಿ ಬದಲಾದಾಗ ಲಾಗ್‌ನಲ್ಲಿ ಒಂದು ಸಾಲು ಬರೆಯಿಸುತ್ತೇನೆ, ನಂಬರು, ಹೊತ್ತು, ಕೊನೆಗೆ "ಆತು" ಅಂತ. ಹೊಸದಾಗಿ ಬಂದ ಇಂಜಿನಿಯರ್ ಹುಡುಗ ಅದು ಯಾವುದೋ ಎರರ್ ಕೋಡ್ ಅಂತ ತಿಳಿದು ಗೂಗಲ್‌ನಲ್ಲಿ ಹುಡುಕುತ್ತಿದ್ದ.

ಕಾಕಾ ಈಗ ಕಾಟಾ ಮೇಲೆ ಕೂರುವುದಿಲ್ಲ. ಮೊಣಕಾಲು ನೋವು, ಮನೆಯಲ್ಲೇ ಇರುತ್ತಾರೆ. ಅವರ ಮಗ ಅದೇ ಕುರ್ಚಿಯಲ್ಲಿದ್ದಾನೆ. ಆದರೂ ಪ್ರತಿ ಸುಗ್ಗಿಯ ಮೊದಲ ದಿನ ಕಾಕಾನ ಫೋನ್ ತಪ್ಪುವುದಿಲ್ಲ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬರುತ್ತದೆ. ಹೇಗಿದ್ದೀಯಾ, ಊಟ ಆತಾ ಏನೂ ಇಲ್ಲ.

"ತಮ್ಮಾ, ಒಂಬತ್ತರ ಲಾರಿ ಮುಟ್ಟೀತೇನು?"

ನಾನು ಫೋಲ್ಡರ್ ತೆಗೆದು ನೋಡುತ್ತೇನೆ. ಹಿಂದೆ ಮುಂದೆ ನಂಬರು ನೋಡುತ್ತೇನೆ. "ಮುಟ್ಟೈತ್ರೀ ಕಾಕಾ" ಅನ್ನುತ್ತೇನೆ. ಅವರು ಮತ್ತೆ ಕೇಳುತ್ತಾರೆ, "ಪೂರಾ?"